ಬಿಳಿ ಬಿಟ್ಟ ಮಾಳ

ಕೊಲ್ಹಾಪುರದಲ್ಲಿ ನನಗೆ ಸಿಕ್ಕ ಮೊದಲ ಕೆಲಸ, ಒಬ್ಬರು ಬರೆದ ನಕಾಶೆಯನ್ನು ಹಾಗೆಯೇ ಮತ್ತೊಮ್ಮೆ ಬರೆಯುವುದು. ರಸ್ತೆಗಳ ನಕಾಶೆ ಮಾಡುವ ಕಚೇರಿ ಅದು. ಓರೆ ಮೇಜಿನ ಮೇಲೆ ಮೂಲ ಹಾಳೆ ಹರಡಿ, ಅದರ ಮೇಲೆ ನುಣುಪಾದ ನೀಲಿ ಟ್ರೇಸಿಂಗ್ ಬಟ್ಟೆ ಹಾಸಿ, ಕರಿ ಶಾಯಿಯಲ್ಲಿ ಗೆರೆ ಎಳೆಯುತ್ತಾ ಕೂರಬೇಕು. ಇಚಲಕರಂಜಿಯಲ್ಲಿ ಅಪ್ಪನ ಮಗ್ಗಗಳ ಖಟಖಟದಲ್ಲಿ ಬೆಳೆದವಳಿಗೆ ಅಲ್ಲಿನ ಸದ್ದಿಲ್ಲದ ಮಧ್ಯಾಹ್ನಗಳು ಒಂದು ಬಗೆಯ ಮಂಪರು ತರುತ್ತಿದ್ದವು. ಹಳ್ಳದ ಗೆರೆ ಎಳೆಯುವಾಗ ನೀರಿಗೆ ಕಾಲು ಇಳಿಬಿಟ್ಟು ಕೂತಂತೆ ಅನಿಸುತ್ತಿತ್ತು. ಕಣ್ಣು ತೆರೆದೇ ಇರುತ್ತಿತ್ತು, ಆದರೆ ನಾನು ಅಲ್ಲಿರುತ್ತಿರಲಿಲ್ಲ. ಸಾಹೇಬರು ಹಿಂದೆ ಬಂದು ಕೆಮ್ಮಿದಾಗಲೇ ಕೊಲ್ಹಾಪುರಕ್ಕೆ ವಾಪಸಾಗುತ್ತಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ಬೇಸಿಗೆಯಲ್ಲಿ ನನ್ನ ಮೇಜಿಗೆ ಗಡಹಿಂಗ್ಲಜ ಕಡೆಯ ಹಾಳೆ ಬಂತು. ಬಟ್ಟೆಯ ಗಂಟು, ಕಬ್ಬು ಹೇರಿದ ಲಾರಿಗಳಿಗೆಂದು ಹೊಸ ರಸ್ತೆ ಆಗಲಿತ್ತು. ಕೆಂಪು ಪೆನ್ಸಿಲ್ಲಿನ ಗೆರೆಯ ಹಿಂದೆ ಹಿಂದೆ ಹೋಗುತ್ತಿದ್ದ ನನ್ನ ಪೆನ್ನು ಒಂದೂರಿನ ಹೆಸರಿನ ಮುಂದೆ ನಿಂತಿತು. ಅವ್ವನ ತವರು. ಊರಿನ ಪಡುವಣಕ್ಕೆ ಇರುವುದು ನನ್ನ ಆಯಿ, ಅಂದರೆ ಅವ್ವನ ಅವ್ವ, ಬದುಕಿಡೀ ಕುರಿ ಮೇಯಿಸಿಕೊಂಡು ಬಂದ ಮಾಳ. ಹಾಳೆಯ ಮೇಲೆ ಅದು ಬರೀ ಬಿಳಿಯಾಗಿತ್ತು. ನಡುವೆ ಮರಾಠಿಯಲ್ಲಿ ‘ಖಡಕ’ ಎಂದು ಬರೆದಿದ್ದರು, ಕಲ್ಲುನೆಲ. ಕೆಂಪು ಗೆರೆ ಆ ಬಿಳಿಯನ್ನು ನೆಟ್ಟಗೆ ಸೀಳಿಕೊಂಡು ಹೋಗಿತ್ತು.

“ತಿಥೇ ಕಾಹೀ ನಾಹೀ, ಬಾಯಿ,” ಎಂದರು ಸಾಹೇಬರು, ನಾನು ಆ ಬಿಳಿಯನ್ನು ತೋರಿಸಿ ಕೇಳಿದಾಗ. ಅಲ್ಲಿ ಏನೂ ಇಲ್ಲ. ನಮ್ಮ ಮೋಜಣಿಯವರು ಹೋಗಿ, ಊರವರನ್ನೇ ಕೇಳಿ ಬರೆದುಕೊಂಡು ಬಂದಿದ್ದಾರೆ, ಎಂದರು.

ನನಗೆ ಸಿಟ್ಟು ಬರುವುದು ಬೇಗ, ಇಳಿಯುವುದು ತಡ. ಏನೂ ಇಲ್ಲವಂತೆ! ಮಳೆಗಾಲ ಹಿಂದೆ ಸರಿದ ಮೇಲೆ ಆ ಮಾಳದಲ್ಲಿ ಎದೆಯುದ್ದದ ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗಿ, ಗಾಳಿ ಬಂದ ಕಡೆಗೆಲ್ಲ ಒಟ್ಟಿಗೇ ಬಾಗುತ್ತದೆ. ಅಲ್ಲೊಂದು ಇಲ್ಲೊಂದು ಬಿಳಿಜಾಲಿ ಮರ, ಪ್ರತಿಯೊಂದರ ಕೆಳಗೂ ದುಂಡನೆಯ ನೆರಳು. ಚಿಕ್ಕವಳಿದ್ದಾಗ ರಜೆಯಲ್ಲಿ ಅಲ್ಲಿ ಆಯಿಯ ಕಂಬಳಿಯ ಮೇಲೆ ಮಲಗಿ ಮೋಡ ನೋಡುತ್ತಾ ನೋಡುತ್ತಾ, ಮೋಡ ಯಾವುದು ಕುರಿ ಯಾವುದು ಎಂಬುದೇ ಮರೆತುಹೋಗುತ್ತಿತ್ತು. ಎಲ್ಲೋ ಗೌಜಗನ ಹಕ್ಕಿ ಕೂಗುತ್ತಿತ್ತು. ಆಯಿಯ ಕದಿರು ತಿರುಗುತ್ತಲೇ ಇರುತ್ತಿತ್ತು, ನಡೆಯುವಾಗಲೂ ಅವಳ ಕೈಯಲ್ಲಿ ಉಣ್ಣೆಯ ಎಳೆ ಇಳಿಯುತ್ತಲೇ ಇರುತ್ತಿತ್ತು. ಸಂಜೆ ಸೀರೆಯಂಚಿನ ಹುಲ್ಲುಮುಳ್ಳು ಬಿಡಿಸುವುದೇ ಮನೆಯವರಿಗೆಲ್ಲ ಒಂದು ಕೆಲಸ.

“ಇದೆ ಅನ್ನುವವಳು ಅಳೆದು ತೋರಿಸು,” ಎಂದರು ಸಾಹೇಬರು. ಒಳ್ಳೆಯ ಮನುಷ್ಯ. ರಜೆ ಕೊಟ್ಟರು, ಕಚೇರಿಯ ಅಳತೆಯ ಸರಪಳಿಯನ್ನೂ ಕೊಟ್ಟರು. ರಸ್ತೆಯ ಕೆಲಸ ದೀಪಾವಳಿ ಆದಮೇಲೆ ಹಿಡಿಯುವವರಿದ್ದರು.

ಊರಿಗೆ ಹೋದರೆ ಮಾಮಾ, ಅವ್ವನ ತಮ್ಮ, ಆಗಲೇ ಕಂಗಾಲಾಗಿದ್ದ. ಮಾಳದ ನಡುವೆ ರಸ್ತೆ ಬಿದ್ದರೆ ಹಿಂಡು ಎರಡು ಭಾಗ. ಲಾರಿಗಳ ನಡುವೆ ಕುರಿ ದಾಟಿಸುವುದು ಆಗದ ಮಾತು. ರಸ್ತೆಯ ಬದಿಗೆ ಅಂಗಡಿ, ಅಂಗಡಿಯ ಹಿಂದೆ ಬೇಲಿ. ಕುರಿ ಮಾರಿ ಇಚಲಕರಂಜಿಗೆ ಬಂದು ಮಗ್ಗದ ಮುಂದೆ ನಿಲ್ಲಬೇಕಾಗುತ್ತದೆ ಎಂದ. ಅವನು ಗೋಡೆಗಳ ನಡುವೆ ಒಂದು ದಿನವೂ ಬದುಕುವವನಲ್ಲ.

ಮರುದಿನ ಬೆಳಗ್ಗೆ ಸರಪಳಿಯ ಒಂದು ತುದಿ ಅವನು, ಇನ್ನೊಂದು ನಾನು ಹಿಡಿದು ಹೊರಟೆವು. ದಾರಿ ತೋರಿಸಲು ಆಯಿ. ಬೇಸಿಗೆಯ ಮಾಳ ಬೂದಿಯ ಬಣ್ಣಕ್ಕೆ ತಿರುಗಿ ಬಿಸಿಲಿನಲ್ಲಿ ತೇಲುತ್ತಿತ್ತು. ಆದರೆ ಆಯಿ ನಮ್ಮನ್ನು ಕರೆದುಕೊಂಡು ಹೋದದ್ದೆಲ್ಲ ಕಲ್ಲಿರುವ ಕಡೆಗೆ! ಇಲ್ಲಿ ನೀರಿನ ಒರತೆ ಇತ್ತಲ್ಲ ಎಂದರೆ, “ಅದು ಬತ್ತಿ ಹೋಗೇತಿ.” ಕುರಿ ಈಯುವ ತಗ್ಗು ಎಲ್ಲಿ ಎಂದರೆ, “ಅಂಥಾದ್ದೇನೂ ಇಲ್ಲವಾ, ಬರೇ ಕಲ್ಲ.”

“ಆಯಿ, ನಾ ನಿನ್ನ ಮೊಮ್ಮಗಳ ಅದೇನಿ!”

“ಮೊಮ್ಮಗಳ ಅದಿ, ಖರೆ. ಕೈಯಾಗ ಸರಪಳಿ ಯಾಕ ಹಿಡದಿ? ಉಂಡ ಮನೀ ಗಳಾ ಎಣಸಾಕ ಬಂದಿ ಏನ?”

ಮಾಮಾ ತಲೆ ತಗ್ಗಿಸಿ ನಕ್ಕ. ಆಗ ನನಗೆ ನೆನಪಾಯಿತು. ಇದು ನಮ್ಮ ಕುರುಬರ ಮನೆಗಳಲ್ಲಿ ಮಾತು ಬರುವ ಮೊದಲೇ ಕಲಿಸುವ ಪಾಠ. ಹೊರಗಿನವರು ಮಾಳದ ಬಗ್ಗೆ ಕೇಳಿದರೆ, “ಏನೂ ಇಲ್ರೀ, ಬರೇ ಕಲ್ಲ.” ಹುಲ್ಲಿದೆ ಎಂದರೆ ಹಿಂದೆ ಸರದಾರರ ಕುದುರೆಗಳು ಬಂದು ನಿಲ್ಲುತ್ತಿದ್ದವಂತೆ. ನೀರಿದೆ ಎಂದರೆ ಯಾರೋ ಬಾವಿ ತೋಡಿ ಬೇಲಿ ಹಾಕುತ್ತಿದ್ದರಂತೆ. ಒಳ್ಳೆಯದನ್ನು ಉಳಿಸಿಕೊಳ್ಳಬೇಕಾದರೆ ಅದು ಇಲ್ಲ ಎನ್ನಬೇಕು. ಬೀಗರು ಬಂದು ಕೇಳಿದರೂ ಅದೇ ಮಾತು. ನಾನೂ ಚಿಕ್ಕಂದಿನಲ್ಲಿ ಊರಿಗೆ ಬಂದ ಬಳೆಗಾರನಿಗೆ ಹಾಗೆ ಹೇಳಿ, ಬಹುಮಾನವಾಗಿ ಬೆಲ್ಲ ತಿಂದವಳು.

ಜಗಳ ಆಡಿ ಪ್ರಯೋಜನವಿರಲಿಲ್ಲ. ಮೋಜಣಿಯವರು ಸುಣ್ಣ ಬಳಿದು ನೆಟ್ಟ ಕಲ್ಲುಗಳು ಮಾಳದುದ್ದಕ್ಕೂ ಸಾಲಾಗಿ ನಿಂತಿದ್ದವು. ಆಯಿಯನ್ನು ಕರೆದುಕೊಂಡು ಆ ಸಾಲಿನಗುಂಟ ನಡೆದೆ. ಅವಳು ಕದಿರು ತಿರುಗಿಸುತ್ತಲೇ ಬಂದಳು. ಒಂದು ದಿಣ್ಣೆ ಇಳಿದಾಗ ತಣ್ಣನೆಯ ಗಾಳಿ ಮುಖಕ್ಕೆ ಬಂತು. ಅಲ್ಲೇ ಇತ್ತು ಒರತೆ. ಸುಡುವ ಬೇಸಿಗೆಯ ನಡುವೆ ಕಂಬಳಿಯಷ್ಟಗಲ ಹಸಿರು, ಅದರ ಮೇಲೆ ಸಣ್ಣ ನೀಲಿ ಚಿಟ್ಟೆಗಳು. ನಡುವೆ ಬಿಳಿ ಕಲ್ಲೊಂದು ನಿಂತಿತ್ತು.

“ಇಲ್ಲೇ ಯಾಕ ಬರಾಕತ್ತಾರ ಇವರು?” ಆಯಿಯ ದನಿ ಒಡೆದಿತ್ತು. “ಇಷ್ಟ ದೊಡ್ಡ ಭೂಮ್ಯಾಗ ಬ್ಯಾರೆ ಜಾಗಾನ ಸಿಗಲಿಲ್ಲೇನ?”

“ಇಲ್ಲಿ ಏನೂ ಇಲ್ಲ ಅಂತ ಅವರಿಗೆ ಹೇಳ್ಯಾರ, ಆಯಿ.”

“ಯಾರು ಹೇಳ್ಯಾರ?”

ಮಾಮಾನೇ ಮೆಲ್ಲಗೆ ಹೇಳಿದ. “ನೀನ ಹೇಳೀದಿ ಯವ್ವಾ. ಮೋಜಣಿಯವರು ಬಂದಾಗ ಮಜ್ಜಿಗಿ ಕೊಟ್ಟು, ಏನೂ ಇಲ್ರೀ, ಬರೇ ಕಲ್ಲ ಅಂದಿ.”

ಕದಿರು ನಿಂತಿತು. ಅದು ನಿಂತದ್ದನ್ನು ನಾನು ಅದಕ್ಕೂ ಮೊದಲು ಹಗಲಿನಲ್ಲಿ ನೋಡಿದ ನೆನಪಿಲ್ಲ. ಆಯಿ ಒದ್ದೆ ಹುಲ್ಲಿನ ಮೇಲೆ ಕುಸಿದು ಕೂತಳು. ನನಗೆ ಅಳು ಬಂತು. ಕಾಯಬೇಕೆಂದು ಹೇಳಿಕೊಂಡು ಬಂದ ಮಾತೇ ಕಳ್ಳನಿಗೆ ಬಾಗಿಲು ತೆರೆದಿತ್ತು, ಅದನ್ನು ಅವಳಿಗೆ ತಿಳಿಸಲು ನಾನೇ ಬರಬೇಕಾಯಿತಲ್ಲ ಅನಿಸಿತು.

ಕದಿರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. “ಬಾ, ತೋರಸ್ತೇನಿ,” ಎಂದಳು.

ಆಮೇಲಿನ ದಿನಗಳು ನನಗೆ ಬಿಡಿಬಿಡಿಯಾಗಿ ನೆನಪಿಲ್ಲ, ಎಲ್ಲ ಸೇರಿ ಒಂದೇ ಉದ್ದನೆಯ ಮಧ್ಯಾಹ್ನದ ಹಾಗೆ ಉಳಿದಿವೆ. ಕಟ್ಟೆ ಒಡೆದಂತೆ ಆಯಿ ಮಾತಾಡಿದಳು. ಮೂರು ಒರತೆಗಳು, ಅವುಗಳ ನೀರು ನೆಲದೊಳಗೆ ಹರಿಯುವ ದಾರಿ. ಕುರಿ ಈಯುವ ತಗ್ಗು. ಮಳೆ ತಪ್ಪಿದ ವರ್ಷಗಳಲ್ಲೂ ಕಾಯಿ ಉದುರಿಸಿ ಹಿಂಡು ಉಳಿಸಿದ ಜಾಲಿ ಮರಗಳು, ಒಂದೊಂದಕ್ಕೂ ಅವಳು ಇಟ್ಟ ಹೆಸರು. ಗೌಜಗ ಮೊಟ್ಟೆಯಿಡುವ ಪೊದೆಗಳು. ಮೂರೂ ಒರತೆಗಳ ಹೆಸರು ಹೇಳಿ ಮುಗಿಸುವಾಗ ತನ್ನ ಒಡವೆ ಬಿಚ್ಚಿ ನನ್ನ ಕೈಗೆ ಕೊಡುವವಳ ಹಾಗೆ ಕಂಡಳು. ಸರಪಳಿ ಬಿಸಿಲಿಗೆ ಕಾದು ಅಂಗೈ ಸುಡುತ್ತಿತ್ತು. ನಾನು ಮರಕ್ಕೊಂದು ಗುರುತು, ನೀರಿಗೊಂದು ಗುರುತು ಹಾಕಿಕೊಳ್ಳುತ್ತಾ ನಡೆದೆ.

ಕೊನೆಗೆ ಮಾಮಾನನ್ನು ಹಿಂಡಿನ ಕಡೆಗೆ ಕಳಿಸಿ, ನನ್ನೊಬ್ಬಳನ್ನೇ ಒಂದು ಬಂಡೆಯ ಹಿಂದಕ್ಕೆ ಕರೆದೊಯ್ದಳು. ಅಲ್ಲೊಂದು ಗವಿಯಂಥ ತೂತು. ಅದರ ಬಾಯಲ್ಲಿ ಬೂದುಬಣ್ಣದ ಕೂದಲು ಸಿಕ್ಕಿಕೊಂಡಿತ್ತು.

“ತ್ವಾಳಾ. ವರ್ಷಾ ವರ್ಷಾ ಮರಿ ಹಾಕತೈತಿ,” ಎಂದಳು ಪಿಸುದನಿಯಲ್ಲಿ. “ನಿಮ್ಮ ಮಾಮಾಗ ಗೊತ್ತಿಲ್ಲ. ಗೊತ್ತಾದ್ರ ಬಡಿಗಿ ತೊಗೊಂಡು ಓಡಿ ಬರತಾನ.”

“ನಮ್ಮ ಕುರಿ ತಿಂತೈತಲ್ಲ ಆಯಿ?”

“ತಿಂತೈತಿ. ಅದೂ ಇದ ಮಾಳದ ಮ್ಯಾಲ ಬದುಕಬೇಕಲ್ಲ. ಇದೊಂದನ್ನ ಬರೀಬ್ಯಾಡ.”

ತೋಳದ ಗವಿಯನ್ನು ಬರೆಯಲಿಲ್ಲ. ಕೊಲ್ಹಾಪುರದಲ್ಲಿ ನಾನು ಎಳೆದ ನಕಾಶೆಗಳಲ್ಲೆಲ್ಲ ಅದೇ ನಿಖರವಾದದ್ದು, ಅದರೊಳಗೆ ಉಗುರಿನಷ್ಟು ಜಾಗವನ್ನು ಬೇಕೆಂದೇ ಬಿಳಿ ಬಿಟ್ಟೆ.

ಸಾಹೇಬರು ಹಾಳೆಯನ್ನು ಬಹಳ ಹೊತ್ತು ನೋಡಿದರು. “ಹೇ ಆಧೀ ಕಾ ನಾಹೀ ಸಾಂಗಿತಲಂ?” ಎಂದರು. ಮೊದಲೇ ಏಕೆ ಹೇಳಲಿಲ್ಲವೆಂಬ ಪ್ರಶ್ನೆಗೆ ಉತ್ತರ ಹೇಳಲು ಹೊರಟರೆ ಸರದಾರರ ಕುದುರೆಗಳ ಕಾಲದಿಂದ ಶುರು ಮಾಡಬೇಕಿತ್ತು. ಆ ಮಳೆಗಾಲದಲ್ಲಿ ಎಂಜಿನಿಯರರು ನನ್ನ ಹಾಳೆ ಹಿಡಿದು ಮಾಳಕ್ಕೆ ಹೋದರು. ಒರತೆ ಇದೆ ಎಂದು ನಾನು ತೋರಿಸಿದ ಜಾಗದಲ್ಲಿ ಅವರ ಜೀಪು ಗಾಲಿ ಮುಳುಗುವವರೆಗೂ ಹೂತುಹೋಯಿತಂತೆ. ಎಳೆದು ತೆಗೆಯಲು ಮಾಮಾ ಎತ್ತು ಕಟ್ಟಿದ. ಈ ನೆಲ ಲಾರಿಯ ಭಾರ ತಡೆಯುವುದಿಲ್ಲ ಎಂದುಕೊಂಡು ಗೆರೆಯನ್ನು ದಿಣ್ಣೆಯ ಆಚೆಗೆ, ಹಳೆಯ ಗಾಡಿದಾರಿಗೆ ಬಾಗಿಸಿದರು. ಸುಣ್ಣ ಬಳಿದ ಕಲ್ಲುಗಳಲ್ಲಿ ಒಂದನ್ನು ಆಯಿ ಮನೆಗೆ ತಂದು ಬಟ್ಟೆ ಒಗೆಯಲು ಹಾಕಿಕೊಂಡಳು.

ಆದರೂ ಅವಳಿಗೆ ಪೂರ್ತಿ ನೆಮ್ಮದಿ ಆಗಲಿಲ್ಲ. “ಈಗ ಕಾಗದದ ಮ್ಯಾಲ ಎಲ್ಲಾರಿಗೂ ಕಾಣತೈತಿ,” ಎನ್ನುತ್ತಿದ್ದಳು, ಅಂಗಳದಲ್ಲಿ ಕೂತು ಮಾಳದ ಕಡೆ ನೋಡುತ್ತಾ.

ಎಂಬತ್ತರ ದಶಕದ ನಡುವಿನಲ್ಲಿ, ಆಯಿ ಹೋದ ಮೇಲಿನ ಕಾರ್ತಿಕದಲ್ಲಿ, ಗಡಹಿಂಗ್ಲಜದ ಬಸ್ಸಿನಲ್ಲಿ ಆ ರಸ್ತೆಯ ಮೇಲೆ ಹೋಗುತ್ತಿದ್ದೆ. ಗೆರೆ ಬಾಗಿಸಿದ ಆ ತಿರುವಿನಲ್ಲಿ ಬಸ್ಸು ವಾಲಿತು, ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದೆವು. ಕಿಟಕಿಯಾಚೆ ದಿಣ್ಣೆಯ ಹಿಂದಿನಿಂದ ಬಂಗಾರದ ಹುಲ್ಲಿನ ಒಂದು ಅಂಚು ಕಂಡು ಮರೆಯಾಯಿತು. ಪಕ್ಕದಲ್ಲಿ ಕೂತಿದ್ದ, ಹುಪರಿಯ ಬೆಳ್ಳಿ ಕಾಲುಂಗುರ ಮಾರಿಕೊಂಡು ತಿರುಗುವ ವ್ಯಾಪಾರಿ ಟೋಪಿ ಸರಿಮಾಡಿಕೊಳ್ಳುತ್ತಾ ಗೊಣಗಿದ.

“ಸೀದಾ ಹೋಗೂ ರಸ್ತಾ ಸುಮ್ಮನ ಸುತ್ತಿಸ್ಯಾರ ನೋಡ್ರಿ. ಅಂಥಾದ್ದೇನ ಐತ್ರೀ ಆ ಕಡಿ?”

ಉತ್ತರ ಯೋಚಿಸುವ ಮೊದಲೇ ಬಾಯಿಗೆ ಬಂದಿತ್ತು, ಆಯಿಯದೇ ದನಿಯಲ್ಲಿ.

“ಏನೂ ಇಲ್ರೀ,” ಎಂದೆ. “ಬರೇ ಕಲ್ಲ.”