ದೇವರಾಜ ಒತ್ತದ ಸೀಲು

ಸಿಟ್ಟು ಬಂದರೆ ದೇವರಾಜ ಮೊದಲು ಕನ್ನಡಕ ತೆಗೆದು ಅಂಗಿಯ ಜೇಬಿಗೆ ಹಾಕುತ್ತಾನೆ. ಆ ಶನಿವಾರ ಹನ್ನೊಂದು ಗಂಟೆಗೇ ಕನ್ನಡಕ ಜೇಬು ಸೇರಿತ್ತು.

ಹಳೇಬೀಡಿನ ಕೆರೆಯ ಆಚೆ ಬದಿಯಲ್ಲಿ ಒಂದು ಟ್ರಸ್ಟಿನವರು ನಡೆಸುವ ಸಣ್ಣ ಮ್ಯೂಸಿಯಂ ಇದೆ. ಇಪ್ಪತ್ತಾರು ವರ್ಷದಿಂದ ಅಲ್ಲಿನ ಕಾವಲುಗಾರ, ಕಸ ಗುಡಿಸುವವನು, ಟಿಕೆಟ್ ಹರಿಯುವವನು ಎಲ್ಲ ದೇವರಾಜನೇ. ಹೊಲಗದ್ದೆಯಲ್ಲಿ ಬಿದ್ದಿದ್ದ ಕಲ್ಲುಗಳನ್ನು ಗಾಡಿಗೆ ಹೇರಿ ಅಲ್ಲಿಗೆ ತಂದವರಲ್ಲಿ ಅವನ ಅಪ್ಪ ಗಿಡ್ಡಯ್ಯನೂ ಒಬ್ಬ. ಉದ್ಘಾಟನೆಯ ದಿನ ಆ ಗಿಡ್ಡಯ್ಯನನ್ನು ಒಳಗೆ ಬಾ ಎಂದವರು ಒಬ್ಬರೂ ಇಲ್ಲ. ಅವನು ಹಟ ಹಿಡಿದು ಮಗನಿಗೆ ಟಿಸಿಎಚ್ ಓದಿಸಿದ. ದೇವರಾಜ ಪಾಸಾದ, ಮೇಷ್ಟ್ರ ಪೋಸ್ಟು ಮಾತ್ರ ಬರಲೇ ಇಲ್ಲ. ಆದರೂ ಪಾಠ ಹೇಳುವ ಹುಚ್ಚು ಬಿಡಲಿಲ್ಲ. ಯಾರು ಸಿಕ್ಕಿದರೂ ಕಲ್ಲಿನ ಮುಂದೆ ನಿಲ್ಲಿಸಿಕೊಳ್ಳುತ್ತಿದ್ದ.

ಅವನ ಹೊಟ್ಟೆ ಉರಿಸುತ್ತಿದ್ದವರು ವರ್ಷಾವರ್ಷ ಬರುವ ಡಿ.ಎಡ್. ವಿದ್ಯಾರ್ಥಿಗಳು. ನಾಳೆ ಮೇಷ್ಟ್ರು, ಮಿಸ್ಸು ಆಗುವವರು. ಬಸ್ಸಿಳಿದು ಫೋಟೊ ತೆಗೆಸಿಕೊಳ್ಳುತ್ತಾರೆ, ಗೋಡೆಯ ಬೋರ್ಡಿನಲ್ಲಿ ಇರುವುದನ್ನು ರೆಕಾರ್ಡ್ ಪುಸ್ತಕಕ್ಕೆ ಇಳಿಸುತ್ತಾರೆ, ಮ್ಯೂಸಿಯಮ್ಮಿನ ಸೀಲು ಹಾಕಿಸಿಕೊಂಡು ಬೇಲೂರಿಗೆ ಹೊರಡುತ್ತಾರೆ. ಸೀಲು ಬಿದ್ದರೆ ಅಂಕ ಬಿತ್ತು. ಕಲ್ಲನ್ನೂ ಒಮ್ಮೆ ನೋಡಬೇಕೆಂದು ಯಾವ ಪುಣ್ಯಾತ್ಮನೂ ನಿಯಮ ಮಾಡಿಲ್ಲ.

ಒಂದು ತಂಡಕ್ಕೆ ನಾಲ್ಕು ಶನಿವಾರ ಕೊಡಿ, ಕಲ್ಲಿನ ಮುಂದೆ ಕೂತು ನೋಡಲಿ, ಅಲ್ಲೇ ಪಾಠ ಮಾಡಿ ಕಲಿಯಲಿ ಎಂದು ಟ್ರಸ್ಟಿನ ಕಾರ್ಯದರ್ಶಿ ಶಿವಪ್ರಕಾಶರನ್ನು ದೇವರಾಜ ಐದು ವರ್ಷ ಕಾಡಿದ್ದ. ಕೊನೆಗೆ ಅವರು ಅರಸೀಕೆರೆಯ ಒಂದು ಕಾಲೇಜನ್ನು ಒಪ್ಪಿಸಿದರು. ಮೊದಲ ಶನಿವಾರ ತಕರಾರಿಲ್ಲದೆ ನಡೆದರೆ ಮಾತ್ರ ಉಳಿದ ಮೂರು ಎಂದು ಷರತ್ತು ಹಾಕಿದ್ದರು.

ಬಂದವರು ಮೂವತ್ತೆಂಟು ಜನ. ಕೂತು ನೋಡಿ ಎಂದು ಹೇಳಿ ದೇವರಾಜ ಟಿಕೆಟ್ ಕೌಂಟರಿಗೆ ಹೋಗಿ ಬರುವಷ್ಟರಲ್ಲಿ ರೆಕಾರ್ಡುಗಳು ಸೀಲಿಗಾಗಿ ಮೇಜಿನ ಮೇಲೆ ಸಾಲಾಗಿ ಕೂತಿದ್ದವು. ಮೊದಲನೆಯದನ್ನು ತೆರೆದ. ಕಂಬದಿಂದ ಚಾಚಿದ ಕೈಯ ಚಿತ್ರ, ಕೈತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ಅದರ ಕೆಳಗೆ ಮುದ್ದಾದ ಅಕ್ಷರದಲ್ಲಿ, 'ವೀರಗಲ್ಲು: ದನಗಳನ್ನು ಕಾಯಲು ಹೋರಾಡಿ ಮಡಿದ ಯೋಧನ ಸ್ಮಾರಕ.' ಎರಡನೆಯದರಲ್ಲೂ ಅದೇ. ಮೂವತ್ತೆಂಟರಲ್ಲೂ ಅದೇ.

ಅದು ಗಂಡನ ಚಿತೆ ಏರಿದ ಹೆಂಗಸಿನ ನೆನಪಿಗೆ ನೆಟ್ಟ ಮಾಸ್ತಿಕಲ್ಲು. ಪಕ್ಕದಲ್ಲಿ ಕತ್ತಿ ಹಿರಿದು ನಿಂತವನದೇ ವೀರಗಲ್ಲು. ಎರಡು ವರ್ಷದ ಹಿಂದೆ ಗೋಡೆಗೆ ಸುಣ್ಣ ಹೊಡೆದವರು ಎರಡರ ಬೋರ್ಡನ್ನೂ ಅದಲುಬದಲು ಮಾಡಿ ಹಾಕಿದ್ದರು.

"ಕಣ್ಣು ಎಲ್ಲಿಟ್ಟಿದ್ರಿ ನೀವೆಲ್ಲ?" ದೇವರಾಜ ಗುಡುಗಿದ. "ಇವತ್ತು ಒಂದಕ್ಕೂ ಸೀಲ್ ಒತ್ತಲ್ಲ, ಹೋಗಿ!"

ಜೊತೆಗೆ ಬಂದಿದ್ದ ಲೆಕ್ಚರರ್ ಫೋನ್ ಮಾಡಿದರು. ಶಿವಪ್ರಕಾಶ್ ಸ್ಕೂಟರಿನಲ್ಲಿ ಬಂದೇ ಬಿಟ್ಟರು.

"ಏನಯ್ಯ, ದೊಡ್ಡ ಪ್ರೊಫೆಸರ್ ಆಗ್ಬಿಟ್ಯಾ? ಸುಮ್ನೆ ಸೀಲ್ ಒತ್ತು."

"ಸಾರ್, ಇವರು ನಾಳೆ ಮೂವತ್ತೆಂಟು ಸ್ಕೂಲಿಗೆ ಹೋಗ್ತಾರೆ. ಅಲ್ಲಿ ಮಕ್ಳಿಗೆ ಇದನ್ನೇ ಹೇಳ್ಕೊಡ್ತಾರೆ. ಬೋರ್ಡ್ ತಪ್ಪೈತೆ ಅಂತ ನಿಮಗೆ ಮೂರು ಅರ್ಜಿ ಕೊಟ್ಟಿದ್ದೀನಿ."

"ಕಮಿಟಿ ಮುಂದೆ ಐತೆ ಅಂದ್ನಲ್ಲ! ಈಗ ತಕರಾರು ಮಾಡಿದ್ರೆ ನಿನ್ನ ಶನಿವಾರ ಎಲ್ಲ ಕ್ಯಾನ್ಸಲ್, ನೋಡ್ಕೊ."

ದೇವರಾಜ ಐದು ವರ್ಷ ಗೋಗರೆದು ಪಡೆದದ್ದು ಒಂದು ಸೀಲಿಗೆ ಹೋಗುವುದರಲ್ಲಿತ್ತು. ಅಷ್ಟರಲ್ಲಿ ಗೆಂಡೆಹಳ್ಳಿಯ ಹೇಮಾಶ್ರೀ ಎಂಬ ವಿದ್ಯಾರ್ಥಿನಿ ತನ್ನ ರೆಕಾರ್ಡು ಎತ್ತಿಕೊಂಡು ಕಲ್ಲಿನ ಹತ್ತಿರ ಹೋಗಿ ಮಂಡಿಯೂರಿ ಕೂತಳು. ತುಂಬ ಹೊತ್ತು ನೋಡಿ ಎದ್ದು ಬಂದಳು. ಅವಳ ಮುಖವೂ ಸಿಟ್ಟಿನಿಂದ ಕೆಂಪಾಗಿತ್ತು.

"ಹೆಂಗಸಿನ ಕೈ ಅದು. ನೋಡ್ದೆ ಬರೆದಿದ್ದು ನಮ್ಮ ತಪ್ಪು ಸಾರ್, ಒಪ್ತೀನಿ. ಬೋರ್ಡ್ ತಪ್ಪು ಅಂತ ನಿಮಗೆ ಯಾವಾಗಿಂದ ಗೊತ್ತು?"

"ಎರಡು ವರ್ಷದಿಂದ ಕಣಮ್ಮ."

"ಹಂಗಾದ್ರೆ ಹೋದ ವರ್ಷ ನಮ್ಮ ಸೀನಿಯರ್ಸ್ ರೆಕಾರ್ಡಿಗೆ ಸೀಲ್ ಹಾಕಿದ್ಯಾರು?"

ದೇವರಾಜನೇ ಹಾಕಿದ್ದು. ಒಂದನ್ನೂ ತೆರೆದು ನೋಡದೆ, ಬಸ್ಸು ಹಾರ್ನ್ ಹೊಡೆಯುತ್ತಿದೆ ಎಂದು, ಟಪಟಪ ಒತ್ತಿ ಕಳಿಸಿದ್ದ. ಬೋರ್ಡು ಮುಟ್ಟಬೇಡ ಎಂದು ಶಿವಪ್ರಕಾಶ್ ಹೇಳಿದ್ದಕ್ಕೆ ಹೆದರಿ, ಅರ್ಜಿ ಕೊಟ್ಟಿದ್ದೀನಲ್ಲ ಎಂದು ಎರಡು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದ್ದ. ಆಗ ಅವನಿಗೆ ತನ್ನ ಮೇಲೆ ಬಂದ ಸಿಟ್ಟಿನ ಮುಂದೆ ಬೆಳಗಿನಿಂದ ಕೂಗಾಡಿದ್ದು ಏನೇನೂ ಅಲ್ಲ.

ಡ್ರಾಯರಿನಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ನೇರ ಗೋಡೆಯ ಹತ್ತಿರ ಹೋದ. ಶಿವಪ್ರಕಾಶ್ ಹಿಂದಿನಿಂದ ಕೂಗುತ್ತಲೇ ಇದ್ದರು. ಎರಡು ಬೋರ್ಡು, ಎಂಟು ಸ್ಕ್ರೂ. ಬಿಚ್ಚಿ ಬದಲಾಯಿಸಿ ಹಾಕಲು ಹತ್ತು ನಿಮಿಷ ಕೂಡ ಹಿಡಿಯಲಿಲ್ಲ.

ಮೇಜಿನ ಮೇಲಿದ್ದ ಮೂವತ್ತೇಳು ರೆಕಾರ್ಡಿಗೆ ಶಿವಪ್ರಕಾಶರೇ ಸೀಲು ಒತ್ತಿದರು. ಹೇಮಾಶ್ರೀ ತನ್ನದನ್ನು ಕೊಡಲಿಲ್ಲ. ಮುಂದಿನ ಶನಿವಾರಗಳು ರದ್ದಾದವು ಎಂದು ಲೆಕ್ಚರರಿಗೆ ಅಲ್ಲೇ ಹೇಳಿಯೂ ಆಯಿತು. ಬಸ್ಸು ಹೊರಟ ಮೇಲೆ ದೇವರಾಜ ಬೀರುವಿನಿಂದ ಹೋದ ವರ್ಷ ಬಂದವರ ಹೆಸರು, ಫೋನ್ ನಂಬರಿದ್ದ ಹಾಜರಿ ಪಟ್ಟಿ ಹುಡುಕಿ ತೆಗೆದ. ಮೊದಲ ಹೆಸರು ಸ್ವಾತಿ. ಈಗ ಹಗರೆಯ ಕಡೆ ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಫೋನ್ ಮಾಡಿ ವಿಷಯ ಹೇಳಿದ.



"ಸಾರ್, ಆ ಫೋಟೊ ತೋರಿಸಿ ಪಾಠ ಮಾಡ್ದಾಗ ಒಬ್ಳು ಹುಡುಗಿ ಎದ್ದು ಕೇಳಿದ್ಲು, ಬಳೆ ಹಾಕ್ಕೊಂಡು ಯುದ್ಧ ಮಾಡ್ತಿದ್ರಾ ಮಿಸ್ ಅಂತ. ಕ್ಲಾಸೆಲ್ಲ ನಕ್ಕಿತು. ಅಧಿಕಪ್ರಸಂಗ ಮಾಡ್ಬೇಡ ಅಂತ ಹೊರಗೆ ನಿಲ್ಲಿಸಿದ್ದೆ. ಆಮೇಲಿಂದ ಅವಳು ಏನೂ ಕೇಳೋದೇ ಇಲ್ಲ."



"ಸೋಮವಾರ ಎಲ್ಲಾ ಮಕ್ಳ ಎದುರಿಗೇ ಹೇಳಿ ಮೇಡಂ, ಅವಳು ಕೇಳಿದ್ದೇ ಸರಿ ಅಂತ. ತಪ್ಪಿಗೆ ಸೀಲ್ ಒತ್ತಿದೋನು ಹಳೇಬೀಡಲ್ಲಿ ಅವ್ನೆ, ದೇವರಾಜ ಅಂತ ಅವನ ಹೆಸರು ಅನ್ನೋದನ್ನೂ ಹೇಳಿ."

ಫೋನ್ ಇಟ್ಟು, ಪಟ್ಟಿಯಲ್ಲಿದ್ದ ಎರಡನೆಯ ನಂಬರು ಒತ್ತಿದ.