ಮೊದಲು ಬಡಿದೆವು, ಆಮೇಲೆ ನೆನೆಸಿದೆವು

ಮಾಸ್ತಿ ಹತ್ತಿರದ ನಮ್ಮೂರಲ್ಲಿ ಮನೆಗೊಂದು ಹುಳುಮನೆ ಇದ್ದ ಕಾಲ ಅದು. ರಾಗಿ ಕಣ ಮುಗಿದು, ಬೀದಿಯ ತುಂಬ ಅವರೆಕಾಯಿ ಸೊಗಡು ಹರಡಿ, ದಿನಾ ಹಿತಕಿದ ಬೇಳೆ ಸಾರು ಉಂಡುಂಡು ನಮಗೇ ಬೇಜಾರು ಬರುವ ಹೊತ್ತಿಗೆ ರೇಷ್ಮೆಹುಳು ಸಾಕುವ ತಯಾರಿ ಶುರುವಾಗುತ್ತಿತ್ತು.

ಹುಳುಮನೆಗೆ ಇದ್ದ ಮಡಿ ನಮ್ಮ ದೇವರಮನೆಗೂ ಇರಲಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿನ ಬೇಸಿನ್ನು, ಅದರಲ್ಲಿ ಕಾಲು ಅದ್ದಿಯೇ ಒಳಗೆ ಹೋಗಬೇಕು. ಹೊರಗಿನವರು ಬರುವಂತಿಲ್ಲ. ಒಗ್ಗರಣೆ ಘಾಟು ಸುಳಿಯುವಂತಿಲ್ಲ. ಹೆಂಗಸರು ಹೊರಗಾದರೆ ಮೂರು ದಿನ ಆ ಕಡೆ ತಲೆ ಹಾಕುವಂತಿಲ್ಲ. ಹುಳು ಮೇವು ಬಿಟ್ಟು ಪೊರೆ ಕಳಚಲು ಕೂರುವುದಕ್ಕೆ ಜ್ವರ ಎನ್ನುತ್ತಾರೆ; ಹುಳು ಜ್ವರಕ್ಕೆ ಕೂತಿದೆ ಎಂದರೆ ನಾವು ಮಕ್ಕಳು ಕೆಮ್ಮಲೂ ಹೆದರುತ್ತಿದ್ದೆವು. ನಮಗೆ ಜ್ವರ ಬಂದರೆ ಮಾತ್ರ ಒಂದು ಲೋಟ ಮೆಣಸಿನ ಕಷಾಯ, ಮುಗಿಯಿತು.

ಹಣ್ಣಾದ ಹುಳು ಗೂಡು ಕಟ್ಟುವುದು ಚಂದ್ರಿಕೆಯಲ್ಲಿ. ಅಗಲವಾದ ಬಿದಿರಿನ ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುತ್ತಿ ಕಟ್ಟಿರುತ್ತಾರೆ. ಬೆಳೆಯಿಲ್ಲದ ತಿಂಗಳುಗಳಲ್ಲಿ ಅವನ್ನೆಲ್ಲ ಹುಳುಮನೆಯ ಅಟ್ಟದಲ್ಲಿ ಪೇರಿಸುತ್ತಿದ್ದರು. ರಾಗಿ ಕೊಯ್ಲಾಗುತ್ತಲೇ ಹೊಲದ ಇಲಿಗಳು ಮೇವಿಲ್ಲದೆ ಊರೊಳಗೆ ನುಗ್ಗಿ ಆ ಸುರುಳಿಗಳಲ್ಲಿ ಸಂಸಾರ ಹೂಡುತ್ತಿದ್ದವು. ಕೆಳಗಿಳಿಸಿದರೆ ಹುಲ್ಲು, ಕಡಲೆಕಾಯಿ ಸಿಪ್ಪೆ, ಬೊಗಸೆಗಟ್ಟಲೆ ಹಿಕ್ಕೆ, ಉಚ್ಚೆಯ ಗಬ್ಬು. ಅವನ್ನು ಅಂಗಳದಲ್ಲಿ ಕೋಲಿನಿಂದ ಬಡಿದು ಕೊಡವುವುದು ಮಕ್ಕಳ ಕೆಲಸ. ಬಡಿದಾದ ಮೇಲೆ ಅಪ್ಪ ಬ್ಲೀಚಿಂಗ್ ನೀರಲ್ಲಿ ನೆನೆಸುತ್ತಿದ್ದರು. ನಮಗಂತೂ ಅದು ಹಬ್ಬ. ಯಾರ ಮುಖಕ್ಕೆ ಹೆಚ್ಚು ದೂಳು ಅಂತ ಪಂದ್ಯ, ಬೆರಳಲ್ಲಿ ಒಬ್ಬರಿಗೊಬ್ಬರು ಮೀಸೆ ಬರೆಯುವುದು, ಸೀನಿ ಸೀನಿ ನಗುವುದು. ಈಗ ನೆನೆಸಿಕೊಂಡರೆ ಮೈ ಜುಂ ಎನ್ನುತ್ತದೆ.

ನನಗೆ ಹತ್ತು ವರ್ಷ, ಮುನಿರತ್ನಕ್ಕನಿಗೆ ಹದಿನಾಲ್ಕು. ಅಕ್ಕನದು ಒಳ್ಳೆಯ ಕೈಗುಣ ಎಂದು ಊರಿಗೆಲ್ಲ ಹೆಸರು. ಅವಳು ಮೊದಲ ಸೊಪ್ಪು ಹಾಕಿದರೆ ಹುಳು ಚೆನ್ನಾಗಿ ಏಳುತ್ತದೆಂದು ಪಕ್ಕದ ಕೇರಿಯವರೂ ಕರೆದೊಯ್ಯುತ್ತಿದ್ದರು. ಅವಳಿಗೂ ಹುಳುಮನೆಯೆಂದರೆ ಪ್ರಾಣ. ಆ ವರ್ಷ ಚಂದ್ರಿಕೆ ಬಡಿಯುವ ಸರದಿ ನನ್ನದು. ಬೀದಿಯಲ್ಲಿ ಕುಂಟೆಬಿಲ್ಲೆ ಆಟ ಕಳೆ ಕಟ್ಟಿತ್ತು. ಇವತ್ತೊಂದು ದಿನ ನೀನೇ ಬಡಿ ಅಕ್ಕ ಎಂದು ಅವಳ ಕೈಗೆ ಕೋಲು ತುರುಕಿ ಓಡಿದೆ. ಹೊರಗೆ ಗಾಳಿ ಜೋರಿತ್ತು. ಅವಳು ಹುಳುಮನೆಯ ಬಾಗಿಲು ಹಾಕಿಕೊಂಡು, ಅಷ್ಟನ್ನೂ ಒಳಗೇ, ಒಬ್ಬಳೇ ಬಡಿದಳು.

ಮೂರು ವಾರ ಕಳೆದು ಹುಳು ಇನ್ನೇನು ಹಣ್ಣಾಗಬೇಕು, ಅಕ್ಕ ಮಲಗಿಬಿಟ್ಟಳು. ಸುಡುವ ಜ್ವರ, ಸೊಂಟ ಮುರಿಯುವ ನೋವು, ಕೆಂಡದಂಥ ಕಣ್ಣು. ಮುಖ ಊದಿತು, ಉಚ್ಚೆ ನಿಂತೇ ಹೋಯಿತು. ಕೋಲಾರದ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಅದೇ ವಾರ ಹುಳುವಿಗೆ ಹಾಲುತೊಂಡೆ ರೋಗ ಬಂದು, ಇಡೀ ಬೆಳೆಯನ್ನು ತಿಪ್ಪೆಗೆ ಸುರಿದೆವು.

ಅಕ್ಕ ಹೇಗೋ ಬದುಕಿ ಬಂದಳು. ಕಡ್ಡಿಯಾಗಿ ಗೋಡೆಗೊರಗಿ ಕೂತವಳನ್ನು ಅಜ್ಜಿ ವಿಚಾರಿಸಿಕೊಂಡರು.

"ಏಮೇ, ನಿಜ ಹೇಳು. ಹೊರಗಾಗಿರೋವಾಗ ಹುಳುಮನೆಗೆ ಹೋಗಿದ್ಯಾ?"

"ಇಲ್ಲಜ್ಜಿ."

"ಮತ್ತೆ ನಿಂಗೂ ಹುಳಕ್ಕೂ ಒಟ್ಟಿಗೆ ಹೆಂಗ್ ಬಂತೇ?"

ನಾನು ಕಂಬದ ಹಿಂದೆ ನಿಂತು ಕೇಳಿಸಿಕೊಂಡೆ. ಸರದಿ ನನ್ನದಿತ್ತು ಎಂದರೆ ನನಗೂ ಬೈಗುಳ ಬೀಳುತ್ತದೆಂದು ಉಸಿರೆತ್ತಲಿಲ್ಲ. ಅಂದಿನಿಂದ ಅಕ್ಕನಿಗೆ ಹುಳುಮನೆ ಬಂದ್. ಊರಲ್ಲಿ ಕರೆಯುವವರೂ ಇಲ್ಲವಾದರು.

ಈಗ ನಾನಿರುವುದು ಶ್ರೀನಿವಾಸಪುರದಲ್ಲಿ. ಮೊನ್ನೆ ಮಾವಿನ ಸೀಸನ್ನಿಗೆ ಮುಂಚೆ ಪಕ್ಕದ ಮನೆಯ ಶಬಾನಾಳ ಗಂಡ, ತಿಂಗಳುಗಟ್ಟಲೆ ಮುಚ್ಚಿದ್ದ ಗೋದಾಮು ಗುಡಿಸಿ, ಕೆಲವೇ ವಾರಗಳಲ್ಲಿ ಜ್ವರ ಹಿಡಿದು ಆಸ್ಪತ್ರೆ ಸೇರಿದರು. ಶಬಾನಾಳ ಜೊತೆ ನಾನೂ ಹೋಗಿದ್ದೆ. ಸೊಂಟ ನೋವು, ಕೆಂಪು ಕಣ್ಣು, ಕಟ್ಟಿದ ಉಚ್ಚೆ. ಮಂಚದ ಪಕ್ಕ ನಿಂತ ನನಗೆ ಅಕ್ಕ ಮಲಗಿದ್ದ ಆ ದಿನಗಳು ನೆನಪಾದವು. ಗೋದಾಮಿನಲ್ಲಿ ಇಲಿ ಇದ್ದವಾ ಎಂದು ಡಾಕ್ಟರಮ್ಮ ಕೇಳಿದರು. ಇಲಿಜ್ವರದ ಪರೀಕ್ಷೆಯಲ್ಲಿ ಏನೂ ಸಿಕ್ಕಿಲ್ಲವಂತೆ, ಹಂಟಾ ಎನ್ನುವ ವೈರಸ್ ಇರಬಹುದೆಂದು ರಕ್ತ ಬೆಂಗಳೂರಿಗೆ ಕಳಿಸಿದ್ದರಂತೆ. ಅಂದು ವರದಿ ಬಂದು, ಅದೇ ಎಂದು ಗೊತ್ತಾಗಿತ್ತು.

"ಇಲಿಗೇನೂ ಆಗಲ್ಲಮ್ಮ, ಅದು ಚೆನ್ನಾಗೇ ಓಡಾಡ್ಕೊಂಡಿರುತ್ತೆ," ಎಂದರು. "ಅದರ ಉಚ್ಚೆ, ಹಿಕ್ಕೆ ಒಣಗಿರೋದನ್ನ ಗುಡಿಸಿದ್ರೆ ದೂಳಿನ ಜೊತೆ ವೈರಸ್ಸು ಉಸಿರೊಳಗೆ ಹೋಗುತ್ತೆ. ಮೊದಲು ಬ್ಲೀಚಿಂಗ್ ನೀರು ಹಾಕಿ ನೆನೆಸ್ಬೇಕು, ಆಮೇಲೆ ಒರೆಸ್ಬೇಕು."

ಬ್ಲೀಚಿಂಗ್ ನೀರು ನಮ್ಮ ಮನೆಯಲ್ಲೇ ಇತ್ತು! ಬಾಗಿಲಲ್ಲೇ ಇತ್ತು, ಹುಳುವಿಗಾಗಿ. ನಾವು ಮೊದಲು ಬಡಿದೆವು, ಆಮೇಲೆ ನೆನೆಸಿದೆವು. ತಿರುವುಮುರುವು ಮಾಡಿದ್ದರೆ ಸಾಕಿತ್ತು. ಅಕ್ಕನ ಕಥೆ ಹೇಳಿದೆ. ಆಗ ಪರೀಕ್ಷೆಯೇ ಆಗಿಲ್ಲವಲ್ಲ, ಈಗ ಖಚಿತವಾಗಿ ಹೇಳಲಾಗದು, ಆದರೆ ಲಕ್ಷಣವೆಲ್ಲ ಹಾಗೇ ಇದೆ ಎಂದರು ಡಾಕ್ಟರಮ್ಮ. ಹುಳುವಿನ ರೋಗವೇ ಬೇರೆ, ಇದೇ ಬೇರೆಯಂತೆ.

ಮಾರನೆಯ ದಿನವೇ ಮುಳಬಾಗಿಲಿಗೆ ಬಸ್ಸು ಹತ್ತಿದೆ. ಅಕ್ಕನನ್ನು ಕೊಟ್ಟಿರುವುದು ಕುರುಡುಮಲೆ ಕಡೆಗೆ. ಅವರ ಮನೆಯಲ್ಲೂ ಹುಳು ಸಾಕುತ್ತಾರೆ, ಚಂದ್ರಿಕೆಯ ಬದಲು ಈಗ ಪ್ಲಾಸ್ಟಿಕ್ಕಿನ ಬಲೆ. ಅಕ್ಕ ಸೊಪ್ಪು ಕೊಯ್ದು ತಂದು ಹುಳುಮನೆಯ ಹೊಸ್ತಿಲಲ್ಲಿ ಇಡುತ್ತಾಳೆ, ಸೊಸೆ ಒಳಗೆ ತೆಗೆದುಕೊಂಡು ಹೋಗುತ್ತಾಳೆ. ಮದುವೆಯಾದಾಗಿನಿಂದ ಅವಳು ಹೊಸ್ತಿಲು ದಾಟಿಲ್ಲ. ಯಾರೂ ಬೇಡವೆಂದಿಲ್ಲ, ಅವಳೇ ಹೋಗುವುದಿಲ್ಲ.

ಎಲ್ಲ ಹೇಳಿದೆ. ಸರದಿ ನನ್ನದಿತ್ತು ಎನ್ನುವುದನ್ನೂ.

"ಗೊತ್ತು ಕಣೇ," ಎಂದಳು. ಸೊಪ್ಪಿನ ಹೊರೆ ಬಿಚ್ಚತೊಡಗಿದಳು. "ಅಜ್ಜಿ ಕೇಳ್ದಾಗ ನಂಗೇ ಅನುಮಾನ ಬಂದ್ಬಿಡ್ತು. ದಿನದ ಲೆಕ್ಕ ತಪ್ಪಿದ್ನೇನೋ, ನನ್ನಿಂದ್ಲೇ ಏನೋ ಅಂತ. ಇವತ್ತಿನವರೆಗೂ."

ನಾನು ಅತ್ತುಬಿಟ್ಟೆ. ಕೈ ಹಿಡಿದು, ಬಾ ಅಕ್ಕ, ಒಳಗೆ ಹೋಗೋಣ ಎಂದೆ. ಅವಳು ಎದ್ದು ಬಂದು ಬಾಗಿಲ ಬೇಸಿನ್ನಿನಲ್ಲಿ ಕಾಲು ಅದ್ದಿದಳು. ಒಳಗೆ ನಾಲ್ಕನೇ ಜ್ವರದಿಂದ ಎದ್ದ ಹುಳುಗಳು ಸರಸರ ಸೊಪ್ಪು ಮೇಯುತ್ತಿದ್ದವು. ಅಕ್ಕ ಅಲ್ಲೇ ನಿಂತು ಕಿವಿಗೊಟ್ಟಳು.

"ಈ ಸದ್ದು ಮರ್ತೇ ಹೋಗಿತ್ತು ಕಣೇ," ಎಂದಳು. ಆಮೇಲೆ ಹೊಸ್ತಿಲು ದಾಟದೆ ನೀರಿನಿಂದ ಕಾಲು ತೆಗೆದು, ಸೆರಗಿನಲ್ಲಿ ಒರೆಸಿಕೊಂಡು, ಮತ್ತೆ ಹೊರಗೆ ಸೊಪ್ಪಿನ ಹತ್ತಿರ ಬಂದು ಕೂತಳು.