ಗಾಳಿ ಎದ್ದ ಮೇಲೆ ಬೆಂಕಿ

"ಕೈ ಕಟ್ಕೊಂಡು ಆಕಾಶ ನೋಡ್ತಾ ಕೂತಿದ್ದೀರಲ್ಲ ಭಾವ, ಆಸ್ಪತ್ರೆಯವರಿಗೆ ಏನು ಹೇಳ್ಲಿ? ಇನ್ನೂ ಗಾಳಿಯ ಅಪ್ಪಣೆ ಆಗಿಲ್ಲ ಅಂತ ಹೇಳ್ಲಾ?"

"ಹೇಳು. ರಾತ್ರಿ ಒಲೆ ಬಾಗಿಲು ತೆಗೆದಿಟ್ಟವನು ಯಾರು ಅಂತಾನೂ ಹೇಳು."

ಬೆಳಗಿನ ಜಾವ, ಆಸ್ಪತ್ರೆಯ ಚಾದರ ಒಗೆಯುವ ಲಾಂಡ್ರಿಯ ಹಿತ್ತಲು. ಮಾತು ಕಾದಿದೆ, ಬಾಯ್ಲರ್ ಮಾತ್ರ ತಣ್ಣಗಿದೆ. ವ್ಯಾನಿನ ಕೀಲಿಕೈಯನ್ನು ಬೆರಳಲ್ಲಿ ಗರಗರ ತಿರುಗಿಸುತ್ತ ನಿಂತವನು ಭಾಮೈದ. ಸೌದೆ ರಾಶಿಯ ಮೇಲೆ ಕೂತವನು ಭಾವ, ಬಾಯ್ಲರಿಗೆ ಬೆಂಕಿ ಹಾಕುವವನು. ಓಣಿಯ ಜನ ಅವನನ್ನು ಕರೆಯುವುದು ಹೊಗೆಯಣ್ಣ ಎಂದು. ಮೊದಮೊದಲು ಅದು ಬೈಗುಳವೇ ಆಗಿತ್ತು. ಈಗ ಅದೇ ಜನ ಅದೇ ಹೆಸರನ್ನು ಅಕ್ಕರೆಯಿಂದ ಹೇಳುತ್ತಾರೆ.

ಹೊಗೆಯಣ್ಣ ಜಗಳವನ್ನು ಅರ್ಧಕ್ಕೇ ಬಿಟ್ಟು ಕಬ್ಬಿಣದ ಏಣಿ ಹತ್ತಿ ಮಾಳಿಗೆಗೆ ಹೋಗುತ್ತಾನೆ. ಗೋಣಿಚೀಲದ ತುಂಡೊಂದಕ್ಕೆ ಕಿಡಿ ಸೋಕಿಸಿ ಮೇಲೆತ್ತಿ ಹಿಡಿಯುತ್ತಾನೆ. ಹೊಗೆ ಎರಡಾಳು ಎತ್ತರ ನೆಟ್ಟಗೆ ಏರುತ್ತದೆ. ಅಲ್ಲಿ ಯಾರೋ ತಲೆ ಮೇಲೆ ಕೈಯಿಟ್ಟು ಅದುಮಿದ ಹಾಗೆ ಅಡ್ಡಕ್ಕೆ ಮಲಗುತ್ತದೆ. ಮಲಗಿದ್ದು ಮೆಲ್ಲಗೆ ಜಾರುತ್ತ ತಗ್ಗಿನಲ್ಲಿರುವ ಓಣಿಯ ಕಡೆ ಇಳಿಯುತ್ತದೆ. ಅವನು ತುಂಡನ್ನು ನೀರಿಗೆ ಅದ್ದಿ ಕೆಳಗೆ ಬರುತ್ತಾನೆ. ಅಲ್ಲಿಗೆ ತೀರ್ಪು ಆಯಿತು, ಕಾಯಬೇಕು.

ಹೊಗೆ ಅಂದರೆ ಮೇಲೇ ಹೋಗಬೇಕು ಎಂದು ನಾವೆಲ್ಲ ನಂಬಿ ಕೂತಿದ್ದೇವೆ. ಎತ್ತರಕ್ಕೆ ಹೋದಷ್ಟೂ ತಂಪು, ಬೆಚ್ಚಗಿನ ಗಾಳಿ ಹಗುರ, ಹಗುರಾದದ್ದು ಏರುತ್ತದೆ. ಹಗಲಿಗೆ ಈ ಲೆಕ್ಕ ಸರಿ. ಮೋಡವಿಲ್ಲದ, ಗಾಳಿ ಬೀಸದ ಚಳಿಯ ರಾತ್ರಿ ಇದು ಬುಡಮೇಲಾಗುತ್ತದೆ. ಹೊಗೆಯಣ್ಣನ ಬಾಯಲ್ಲೇ ಕೇಳಿ. "ರಾತ್ರಿಯೆಲ್ಲ ನೆಲ ತನ್ನ ಶಾಖ ಬಿಟ್ಟುಬಿಡುತ್ತೆ. ಅದಕ್ಕೆ ತಾಗಿದ ಗಾಳಿನೂ ತಣ್ಣಗಾಗಿ ಭಾರವಾಗಿ ಕೆಳಗೇ ಕೂರುತ್ತೆ, ಏಳು ಅಂದ್ರೂ ಏಳಲ್ಲ. ಅದರ ಮೇಲೆ ಬೆಚ್ಚಗಿನ ಗಾಳಿ ಕಂಬಳಿ ಹೊದಿಸಿದ ಹಾಗೆ ಇರುತ್ತೆ. ನನ್ನ ಹೊಗೆ ಆ ಕಂಬಳಿ ತೂರೋಕಾಗದೆ ಜನರ ಮನೆಗೆ ನುಗ್ಗುತ್ತೆ. ಬಿಸಿಲು ಬಿದ್ದು ನೆಲ ಕಾದ್ರೆ ಗಾಳಿ ತಾನಾಗಿ ಏಳುತ್ತೆ. ಆಮೇಲೆ ಹಚ್ಚಿದ್ರೆ ಯಾರಿಗೂ ತೊಂದ್ರೆ ಇಲ್ಲ."

ಇದನ್ನು ಅವನು ಕಲಿತದ್ದು ಹೆಂಡತಿಯ ಉಬ್ಬಸದಿಂದ. ಅವನ ಮನೆ ಲಾಂಡ್ರಿಯ ಗೋಡೆಯಾಚೆ, ಓಣಿಯ ಮೊದಲನೆಯದು. ಮೊದಲೆಲ್ಲ ಕತ್ತಲಲ್ಲೇ ಒಲೆ ಹಚ್ಚುತ್ತಿದ್ದ. ಕೆಲವು ಬೆಳಗ್ಗೆ ಅವಳು ಚೆನ್ನಾಗಿರುತ್ತಿದ್ದಳು, ಕೆಲವು ಬೆಳಗ್ಗೆ ಹಾಸಿಗೆಯಲ್ಲೇ ಎದ್ದು ಕೂತು ಉಸಿರಿಗೆ ಒದ್ದಾಡುತ್ತಿದ್ದಳು. ಎರಡು ಸಲ ಅವಳನ್ನು ಆಸ್ಪತ್ರೆಗೆ ಸೇರಿಸಿದ್ದೂ ಆಯಿತು. ಅಲ್ಲಿ ಅವಳನ್ನು ಮಲಗಿಸಿದ್ದು ತಾನು ಕಾಯಿಸಿದ ನೀರಲ್ಲೇ ಒಗೆದ ಚಾದರದ ಮೇಲೆ ಎಂದು ನೆನೆದು ಅವನು ಇವತ್ತಿಗೂ ಮುಖ ಹುಳ್ಳಗೆ ಮಾಡುತ್ತಾನೆ. ಆಮೇಲೇ ಅವನು ಚಿಮಣಿಯನ್ನು ತಲೆಯೆತ್ತಿ ನೋಡತೊಡಗಿದ್ದು. ಹೊಗೆ ಓಣಿಗೆ ಇಳಿದ ಬೆಳಗ್ಗೆಯೇ ಅವಳಿಗೆ ಉಬ್ಬಸ ಎಂದು ಆಗ ತಿಳಿಯಿತು.

ಆದರೆ ದಿನಕ್ಕೆ ನಾನೂರು ಚಾದರ ಒಗೆಯಬೇಕಾದ ಕಡೆ ಸುಮ್ಮನೆ ಕಾಯುವುದು ಹೇಗೆ? ಒಮ್ಮೆ ದಟ್ಟ ಮಂಜು ಕವಿದ ದಿನ, ಬಿಸಿಲಿಗೆ ಕಾಯುತ್ತ ಕೂತ. ಮಂಜು ಬಿಸಿಲನ್ನು ನೆಲ ಮುಟ್ಟಲು ಬಿಡಲಿಲ್ಲ, ಮಧ್ಯಾಹ್ನದವರೆಗೂ ಗಾಳಿ ಏಳಲಿಲ್ಲ. ವಾರ್ಡಿನಲ್ಲಿ ರೋಗಿಗಳು ಬರೀ ರೆಕ್ಸಿನ್ ಮೇಲೆ ಮಲಗಿದರು. ಲಾಂಡ್ರಿ ನಡೆಸುವ ದೊಡ್ಡಕ್ಕ ಅವನನ್ನು ಚೆನ್ನಾಗಿ ಝಾಡಿಸಿದಳು. ಝಾಡಿಸಬೇಕಾದದ್ದೇ. ನಿನ್ನ ಹೆಂಡತಿಗೆ ಉಸಿರು ಬೇಕು ಸರಿ, ಆ ಜನಕ್ಕೆ ಹಾಸೋಕೆ ಚಾದರ ಬೇಡವಾ ಎಂದು ಕೇಳಿದಳು.

ಅವತ್ತಿನಿಂದ ಇಬ್ಬರೂ ದಾರಿ ಹುಡುಕಿಕೊಂಡರು. ದೊಡ್ಡಕ್ಕ ಒಂದು ಹೊತ್ತಿಗಾಗುವಷ್ಟು ಒಗೆದ ಚಾದರ ಯಾವಾಗಲೂ ಕೈಯಲ್ಲಿ ಮಿಕ್ಕಿರುವಂತೆ ನೋಡಿಕೊಳ್ಳುತ್ತಾಳೆ. ಹೊಗೆಯಣ್ಣ ಸಂಜೆ ಕೆಂಡವನ್ನು ಒತ್ತಟ್ಟಿಗೆ ಸರಿಸಿ, ಬೂದಿ ಮುಚ್ಚಿ, ಒಲೆಯ ಬಾಗಿಲು ಬಿಗಿಯಾಗಿ ಹಾಕುತ್ತಾನೆ. ಗಾಳಿ ಅಷ್ಟಾಗಿ ಸಿಗದ ಕೆಂಡ ಸಾಯುವುದೂ ಇಲ್ಲ, ಉರಿಯುವುದೂ ಇಲ್ಲ, ಬೆಳಗಿನ ತನಕ ಹಾಗೇ ಇರುತ್ತದೆ. ಆ ಕೆಂಡದ ಮೇಲೆ ಒಣ ಸೌದೆ ಇಟ್ಟರೆ ಹೊಗೆ ತೀರಾ ಕಡಿಮೆ, ಗಾಳಿ ಏಳುವ ತನಕ ಕಾಯಬೇಕಾಗಿಲ್ಲ. ಹೆಚ್ಚು ಹೊಗೆ ಕಾರುವುದು ತಣ್ಣನೆಯ ಒಲೆ.

ಇವತ್ತು ಒಲೆ ತಣ್ಣಗಾಗಿದ್ದು ಭಾಮೈದನಿಂದ. ರಾತ್ರಿ ಕೈ ಕಾಯಿಸಿಕೊಳ್ಳಲು ಬಾಗಿಲು ತೆರೆದವನು ಮುಚ್ಚದೆ ಮಲಗಿಬಿಟ್ಟ. ಕೆಂಡಕ್ಕೆ ಗಾಳಿ ಸಿಕ್ಕಿತು, ಉರಿದು ಬೂದಿಯಾಯಿತು. ತಪ್ಪು ತನ್ನದು ಎಂದು ಗೊತ್ತಿದ್ದವನ ಕೂಗು ಯಾವಾಗಲೂ ಒಂದು ಕೈ ಜೋರು.

ಮಿಕ್ಕ ಚಾದರ ತಗೊಂಡು ಹೋಗು, ಉಳಿದದ್ದಕ್ಕೆ ಮತ್ತೊಮ್ಮೆ ಬಾ ಎಂದು ದೊಡ್ಡಕ್ಕ ಭಾಮೈದನಿಗೆ ಹೇಳುತ್ತಾಳೆ. ತಾನೇನು ಎತ್ತಾ, ಎರಡೆರಡು ಸಲ ತಿರುಗೋಕೆ ಎಂದು ಅವನು ರೇಗುತ್ತಾನೆ. ತನ್ನ ಅಕ್ಕನಿಗೆ ತವರಲ್ಲೂ ಉಬ್ಬಸ ಇತ್ತು, ಅಲ್ಲಿ ಯಾವ ಚಿಮಣಿ ಇತ್ತು ಎಂದು ಕೇಳುತ್ತಾನೆ.

"ಉಬ್ಬಸ ಇತ್ತು ಕಣೋ, ಇಲ್ಲ ಅಂದೋರು ಯಾರು?" ಹೊಗೆಯಣ್ಣನ ದನಿ ಏರುವುದಿಲ್ಲ. "ಇರೋದಕ್ಕೆ ನಾನು ಇನ್ನಷ್ಟು ಹೊಗೆ ಸುರೀಬೇಕಾ?"

"ನಿನಗೆ ತಲೆ ಕೆಟ್ಟಿದೆ," ಎನ್ನುತ್ತಾನೆ ಭಾಮೈದ. ಅಕ್ಕನ ಮದುವೆಯಾದಾಗಿನಿಂದ ಭಾವನನ್ನು ಅವನು ಏಕವಚನದಲ್ಲಿ ಮಾತಾಡಿಸಿದ್ದು ಇದೇ ಮೊದಲು. ಅದು ಅವನಿಗೂ ತಿಳಿಯುತ್ತದೆ. ಕೀಲಿಕೈಯನ್ನು ಸೌದೆಯ ಮೇಲೆ ಬಿಸಾಕಿ, ಗೇಟು ದಾಟಿ ಹೊರಟುಹೋಗುತ್ತಾನೆ.

ದೊಡ್ಡಕ್ಕ ಸೆರಗು ಸಿಕ್ಕಿಸಿಕೊಂಡು ತಾನೇ ವ್ಯಾನ್ ಓಡಿಸಿಕೊಂಡು ಹೋಗಿ ಬರುತ್ತಾಳೆ. ಅಷ್ಟರಲ್ಲಿ ಬಿಸಿಲು ಮಾಳಿಗೆಯಿಂದ ಹಿತ್ತಲಿಗೆ ಇಳಿದಿದೆ. ಗೋಣಿಯ ಹೊಗೆ ಈ ಸಲ ಎಲ್ಲೂ ನಿಲ್ಲದೆ ಏರಿ ಕರಗುತ್ತದೆ. ಹೊಗೆಯಣ್ಣ ಒಲೆ ಹಚ್ಚುತ್ತಾನೆ. ಮುಂದೊಂದು ದಿನ ಹೊಗೆಯೇ ಇಲ್ಲದ ಗ್ಯಾಸ್ ಬಾಯ್ಲರ್ ಬಂದರೆ ಅವನ ಕೆಲಸಕ್ಕೇ ಕುತ್ತು. ಆದರೂ ಬರಲಿ ಎನ್ನುತ್ತಾನೆ, ಬಾಗಿಲು ಕಾಯುವ ಕೆಲಸವಾದರೂ ದೊಡ್ಡಕ್ಕ ಕೊಡುತ್ತಾಳಂತೆ.

ಸಂಜೆಯಾದರೂ ಭಾಮೈದನ ಸುಳಿವಿಲ್ಲ. ಅವನು ಇನ್ನು ಬರುವ ಪೈಕಿ ಅಲ್ಲ, ಅಕ್ಕನ ಮನೆಗೂ ಕಾಲಿಡುವುದಿಲ್ಲವೇನೋ ಎಂದು ದೊಡ್ಡಕ್ಕ ಪೇಚಾಡುತ್ತಾಳೆ. ಹೊಗೆಯಣ್ಣ ಕೆಂಡದ ಮೇಲೆ ಬೂದಿ ಎಳೆದು ಒಲೆಯ ಬಾಗಿಲು ಹಾಕುತ್ತಾನೆ.

"ಹೋದದ್ದು ಬೇಜಾರೇ ಅಕ್ಕ. ಆದ್ರೆ ಅವನ ಅಕ್ಕ ಇವತ್ತು ಬಿಸಿಲೇರೋವರೆಗೂ ನಿದ್ದೆ ಮಾಡಿದ್ಲು."